ಕಾರು ತಗ್ಗಿಸುವ ಮೊದಲು ಶಾಕ್ಸ್ ನೋಡಿ

ಕಾಯಿಲ್‌ಓವರ್ ಹಾಕಿಸಲು ಹೊರಟ ಹುಡುಗರ ಬಾಯಲ್ಲಿ ಮೊದಲು ಬರುವ ಪ್ರಶ್ನೆ, ಕಾರು ಎಷ್ಟು ಇಂಚು ಕೆಳಗಿಳಿಯುತ್ತದೆ ಎಂಬುದು. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವಿನ ಸಂದು ಮುಚ್ಚಿದರೆ ಕಾರು ಚೆಂದ ಕಾಣುತ್ತದೆ, ನಿಜ. ಆದರೆ ವಾರವಿಡೀ ಕಚೇರಿಗೆ ಓಡಾಡಿ, ಎಂದೋ ಒಂದು ಭಾನುವಾರ ಆಟೊಕ್ರಾಸ್‌ಗೆ ಇಳಿಯುವ ಕಾರಿನ ಮಟ್ಟಿಗೆ ಎತ್ತರ ಕೊನೆಗೆ ನೋಡಬೇಕಾದ ಸಂಗತಿ. ಅಂಥ ಕಾರಿಗೆ ಸುರಿಯುವ ದುಡ್ಡು ಸಾರ್ಥಕವಾಗುವುದು ಶಾಕ್ ಅಬ್ಸಾರ್ಬರ್‌ನ ಒಳಗಿನ ವಾಲ್ವ್‌ಗಳಲ್ಲಿ.

ಶಾಕ್‌ನ ಸುತ್ತಲೇ ಸ್ಪ್ರಿಂಗ್ ಕೂತಿರುವ ಜೋಡಣೆಗೆ ಕಾಯಿಲ್‌ಓವರ್ ಎನ್ನುತ್ತಾರೆ. ಸ್ವಿಫ್ಟ್, ಪೋಲೊ, ಐ20 ಕಾರುಗಳ ಮುಂಭಾಗಕ್ಕೆ ಕಂಪನಿಯೇ ಕೊಡುವ ಮೆಕ್‌ಫರ್ಸನ್ ಸ್ಟ್ರಟ್ ಕೂಡ ಇದೇ ಬಗೆಯದು. ಹೊರಗೆ ಮಾರುವ ಸೆಟ್‌ನಲ್ಲಿ ಹೆಚ್ಚಿಗೆ ಸಿಗುವುದು ಎತ್ತರ ಬದಲಿಸಲು ಥ್ರೆಡ್, ಇನ್ನಷ್ಟು ಗಡಸಾದ ಸ್ಪ್ರಿಂಗ್, ಕೆಲವದರಲ್ಲಿ ಶಾಕ್‌ನ ಬಿಗಿ ಹೆಚ್ಚುಕಡಿಮೆ ಮಾಡುವ ತಿರುಪು. ಈ ಕಾರುಗಳ ಹಿಂಭಾಗದಲ್ಲಂತೂ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಕಾಯಿಲ್‌ಓವರ್ ಸೆಟ್ ಕೊಂಡರೂ ಅಲ್ಲಿ ಅವು ಬೇರೆಬೇರೆಯಾಗಿಯೇ ಕೂರುತ್ತವೆ.

ಆಟೊಕ್ರಾಸ್ ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1973ರಿಂದ ಇದರ ರಾಷ್ಟ್ರೀಯ ಸ್ಪರ್ಧೆ ನಡೆಸುತ್ತಿದೆ. ಅಲ್ಲಿ ಅದು ಡಾಂಬರು ಇಲ್ಲವೇ ಕಾಂಕ್ರೀಟಿನ ಬಯಲಿನಲ್ಲಿ ಕೋನ್‌ಗಳ ನಡುವೆ, ಗಡಿಯಾರದ ವಿರುದ್ಧ ನಡೆಯುವ ಓಟ; ಕೋನ್ ಒಂದು ಬಿದ್ದರೆ ಎರಡು ಸೆಕೆಂಡ್ ದಂಡ. ಕರ್ನಾಟಕದಲ್ಲಿ ಬಹಳ ಸಲ ಅದು ಮಣ್ಣಿನ ಟ್ರ್ಯಾಕ್. ನಾಲ್ಕಾರು ಕಾರು ಓಡಿದ ಮೇಲೆ ತಿರುವುಗಳಲ್ಲಿ ಹಳ್ಳ ಬೀಳುತ್ತದೆ, ಮಣ್ಣು ದಿಬ್ಬವಾಗಿ ಒಟ್ಟುಗೂಡುತ್ತದೆ. ಅಂಥ ಕಡೆ ಕಾರಿಗೆ ಬೇಕಾದದ್ದು ಚಕ್ರ ಮೇಲೆ ಕೆಳಗೆ ಆಡಲು ಜಾಗ. ತಗ್ಗಿಸಿದ ಕಾರು ಆ ಜಾಗವನ್ನು ಮೊದಲೇ ಬಿಟ್ಟುಕೊಟ್ಟಿರುತ್ತದೆ. ಹಾಗಾಗಿ ಕೊಳ್ಳುವವರು ಓಡುವ ನೆಲ ಯಾವುದೆಂದು ಮೊದಲೇ ಖಚಿತ ಮಾಡಿಕೊಳ್ಳಬೇಕು. ಮಣ್ಣಿನಲ್ಲೇ ಹೆಚ್ಚು ಓಡುವವರಿಗೆ ಪೇಟೆಯಲ್ಲಿ ಸಿಗುವ ತಗ್ಗಿಸುವ ಸೆಟ್‌ಗಳಿಂದ ಪ್ರಯೋಜನ ಕಡಿಮೆ.

ಡಾಂಬರಿನ ಮೇಲಾದರೂ ತಗ್ಗಿಸುವುದರಿಂದ ಸಿಗುವ ಲಾಭ ಎಷ್ಟು? ಲೆಕ್ಕ ಹಾಕಿ ನೋಡಬಹುದು. ಚಾಲಕನೂ ಸೇರಿ 1000 ಕೆ.ಜಿ. ತೂಗುವ, ಎಡಬಲ ಚಕ್ರಗಳ ನಡುವೆ 1.5 ಮೀಟರ್ ಅಂತರವಿರುವ ಕಾರನ್ನು 30 ಮಿ.ಮೀ. ತಗ್ಗಿಸಿದರೆ, 0.9 ಜಿ ಬಲದ ಬಿರುಸು ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೊರಳುವ ಭಾರದಲ್ಲಿ ಕಡಿಮೆಯಾಗುವುದು ಬರೀ 18 ಕೆ.ಜಿ. ಇದಕ್ಕೆ ತೆರುವ ಬೆಲೆ ದೊಡ್ಡದು. ಮೆಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಮಿತಿಮೀರಿ ಇಳಿಸಿದರೆ ಲೋಯರ್ ಆರ್ಮ್‌ನ ಓರೆ ಬದಲಾಗಿ, ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಕಾರು ವಾಲುವ ಕೇಂದ್ರ, ಕಾರಿನ ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಜಾರುತ್ತದೆ. ಆಗ ಎರಡರ ನಡುವಿನ ದೂರ ಬೆಳೆದು, ಕಾರಿಗೆ ವಾಲುವ ಗುಣ ಹೆಚ್ಚುತ್ತದೆ. ವಾಲುವುದನ್ನು ತಪ್ಪಿಸಲೆಂದೇ ತಗ್ಗಿಸಿದವರು ಮತ್ತೆ ಅದನ್ನು ಹಿಡಿದಿಡಲು ಇನ್ನಷ್ಟು ಗಡಸು ಸ್ಪ್ರಿಂಗ್ ಹುಡುಕಬೇಕಾಗುತ್ತದೆ.

ಇನ್ನು ಹಂಪ್ಸ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಹಂಪ್‌ನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಮೂರನೇ ತಲೆಮಾರಿನ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಅದರಲ್ಲಿ 40 ಮಿ.ಮೀ. ಕಳೆದು, ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿದ ಮೇಲೆ ಉಳಿಯುವುದೆಷ್ಟು? ಅದೂ ನಿಯಮದಂತೆ ಕಟ್ಟಿದ ಹಂಪ್‌ನ ಮಾತು. ಬಡಾವಣೆಗಳ ಒಳರಸ್ತೆಯಲ್ಲಿ ರಾತ್ರೋರಾತ್ರಿ ಏಳುವ ಕಡಿದಾದ ಹಂಪ್‌ಗೆ ಮೊದಲು ಬಡಿಯುವುದು ಎಂಜಿನ್ನಿನ ಅಡಿಯ ಆಯಿಲ್ ಚೇಂಬರ್. ಅದು ಒಡೆದದ್ದು ಗೊತ್ತಾಗದೆ ಕಾರು ಮುಂದೆ ಓಡಿಸಿದರೆ ಎಂಜಿನ್ನೇ ಹೋಗುತ್ತದೆ. ತಗ್ಗಿಸುವುದನ್ನು ಮೂಲ ಎತ್ತರದಿಂದ 10–15 ಮಿ.ಮೀ. ಒಳಗೆ ನಿಲ್ಲಿಸುವುದೇ ದಿನಬಳಕೆಯ ಕಾರಿಗೆ ಕ್ಷೇಮ.

ಸ್ಪ್ರಿಂಗ್‌ನ ಗಡಸುತನದ ವಿಚಾರದಲ್ಲಿ ಅಂದಾಜಿಗಿಂತ ಲೆಕ್ಕವನ್ನು ನಂಬುವುದು ಒಳ್ಳೆಯದು. ಒಂದು ಚಕ್ರದ ಮೇಲೆ 300 ಕೆ.ಜಿ. ಭಾರವಿದೆ, ಚಕ್ರದ ಬಳಿ ಸ್ಪ್ರಿಂಗ್‌ನ ಬಿಗಿ ಪ್ರತಿ ಮಿ.ಮೀ.ಗೆ 2 ಕೆ.ಜಿ. ಇದೆ ಎಂದಿಟ್ಟುಕೊಂಡರೆ, ಕಾರಿನ ಮೈ ಸೆಕೆಂಡಿಗೆ ಸುಮಾರು 1.3 ಸಲ ಏರಿಳಿಯುತ್ತದೆ. ಮಾಮೂಲಿ ಕಾರುಗಳು ಹೆಚ್ಚಾಗಿ 1ರಿಂದ 1.5ರ ಒಳಗಿರುತ್ತವೆ. ಅದೇ ಕಾರಿಗೆ 6 ಕೆ.ಜಿ.ಯ ಸ್ಪ್ರಿಂಗ್ ಹಾಕಿದರೆ ಅದು 2.2ಕ್ಕೆ ಏರುತ್ತದೆ. ಇದು ರೇಸ್ ಟ್ರ್ಯಾಕಿನ ಮಟ್ಟ. ಪ್ರತಿ ಪ್ಯಾಚ್‌ವರ್ಕ್ ನೇರವಾಗಿ ಬೆನ್ನುಮೂಳೆಗೆ ಬರುತ್ತದೆ, ಒರಟು ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಹಾರುತ್ತದೆ. ಹಾರಿದ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. 3ರಿಂದ 4 ಕೆ.ಜಿ. ಒಳಗೆ ನಿಂತರೆ ಸಿಗುವ 1.6ರಿಂದ 1.8 ಎಂಬ ಮಟ್ಟದಲ್ಲಿ ಕಚೇರಿಯ ದಾರಿಯೂ ನಡೆಯುತ್ತದೆ, ಕೋನ್‌ಗಳ ನಡುವೆ ಕಾರು ಚುರುಕಾಗಿಯೂ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಶಾಕ್‌ನ ಒಳಗಿನ ಕೆಲಸ. ಕಾರು ಕೋನ್‌ಗಳ ನಡುವೆ ಎಡಕ್ಕೆ ಬಲಕ್ಕೆ ಹೊರಳುವಾಗ ಶಾಕ್‌ನ ಪಿಸ್ಟನ್ ನಿಧಾನವಾಗಿ, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಚಲಿಸುತ್ತದೆ. ಚಕ್ರ ಗುಂಡಿಗೆ ಬಿದ್ದಾಗ ಅದೇ ಪಿಸ್ಟನ್ ಹತ್ತಾರು ಪಟ್ಟು ವೇಗದಲ್ಲಿ ನುಗ್ಗುತ್ತದೆ. ಒಳ್ಳೆಯ ಶಾಕ್ ನಿಧಾನದ ಚಲನೆಗೆ ಬಿಗಿಯಾಗಿ ನಿಂತು ಕಾರನ್ನು ಹಿಡಿಯುತ್ತದೆ, ವೇಗದ ಹೊಡೆತ ಬಂದಾಗ ವಾಲ್ವ್ ತೆರೆದು ಎಣ್ಣೆಗೆ ದಾರಿ ಬಿಡುತ್ತದೆ. ಭಾನುವಾರದ ಓಟಕ್ಕೂ ಸೋಮವಾರದ ಟ್ರಾಫಿಕ್‌ಗೂ ಒಂದೇ ಶಾಕ್ ಒಗ್ಗುವುದು ಈ ಗುಣದಿಂದ. ಅಗ್ಗದ ಸೆಟ್‌ಗಳು ಇದರ ಬದಲಿಗೆ 16 ಕ್ಲಿಕ್, 30 ಕ್ಲಿಕ್ ಎಂದು ತಿರುಪಿನ ಲೆಕ್ಕ ತೋರಿಸುತ್ತವೆ. ಆ ತಿರುಪು ಬಹುಮಟ್ಟಿಗೆ ಬದಲಿಸುವುದು ರಿಬೌಂಡನ್ನು, ಅಂದರೆ ಒತ್ತಿದ ಶಾಕ್ ಮತ್ತೆ ಬಿಚ್ಚಿಕೊಳ್ಳುವ ವೇಗವನ್ನು. ಅದನ್ನು ವಿಪರೀತ ಬಿಗಿಗೊಳಿಸಿ ರಂಬಲ್ ಸ್ಟ್ರಿಪ್‌ಗಳ ಮೇಲೆ ಹೋದರೆ, ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದು, ಕಾರು ಮೆಟ್ಟಿಲು ಮೆಟ್ಟಿಲಾಗಿ ಕುಸಿದು, ಶಾಕ್‌ನ ಚಲನೆಯ ಕೊನೆಯಲ್ಲಿರುವ ತಡೆಗೆ, ಅಂದರೆ ಬಂಪ್ ಸ್ಟಾಪ್‌ಗೆ, ತಾಗುತ್ತದೆ. ಜರ್ಮನಿಯ ಕೆಡಬ್ಲ್ಯು ಕಂಪನಿಯ ಸೆಟ್‌ಗಳಲ್ಲಿ ವೇರಿಯಂಟ್ 1ಕ್ಕೆ ಎತ್ತರ ಬದಲಿಸುವ ಅವಕಾಶ ಮಾತ್ರ. ವೇರಿಯಂಟ್ 2ರಲ್ಲಿ ರಿಬೌಂಡ್, 3ರಲ್ಲಿ ಕಂಪ್ರೆಷನ್ (ಶಾಕ್ ಒತ್ತಿಕೊಳ್ಳುವ ವೇಗ) ಕೂಡ ಸೇರುತ್ತದೆ. ಅಪರೂಪಕ್ಕೆ ಓಡುವವರಿಗೆ ಅಗ್ಗದ ಮೂವತ್ತು ಕ್ಲಿಕ್‌ಗಿಂತ, ಕಾರ್ಖಾನೆಯಲ್ಲೇ ಸರಿಯಾಗಿ ಕೂರಿಸಿದ ತಿರುಪಿಲ್ಲದ ಶಾಕ್ ಮೇಲು. ಮಾರುವವರ ಬಳಿ ಡೈನೊ ಗ್ರಾಫ್ ಕೇಳಬೇಕು. ಪಿಸ್ಟನ್ ಎಷ್ಟು ವೇಗಕ್ಕೆ ಎಷ್ಟು ಬಲ ಕೊಡುತ್ತದೆ ಎಂದು ಅದು ಗೆರೆ ಎಳೆದು ತೋರಿಸುತ್ತದೆ. ಅದನ್ನು ಕೊಡದ ಸೆಟ್ ಬೇಡ.

ಈಗಿರುವ ಶಾಕ್ಸ್ ಸಾಕೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ರಬ್ಬರ್ ಬೂಟ್ ಮೇಲೆತ್ತಿ, ಶಾಕ್‌ನ ಹೊಳೆಯುವ ರಾಡ್‌ಗೆ ಒಂದು ಕೇಬಲ್ ಟೈ ಕಟ್ಟಿ, ಅದನ್ನು ಕೆಳಗೆ ಶಾಕ್‌ನ ಕತ್ತಿಗೆ ತಾಗುವಂತೆ ಸರಿಸಬೇಕು. ಕಾರು ಎಂದಿನ ದಾರಿಯಲ್ಲಿ ಓಡಿ ಬಂದ ಮೇಲೆ ನೋಡಿದರೆ, ಶಾಕ್ ಎಷ್ಟು ದೂರ ಕುಗ್ಗಿತ್ತೋ ಅಲ್ಲಿ ಟೈ ನಿಂತಿರುತ್ತದೆ. ಅದು ಬಂಪ್ ಸ್ಟಾಪ್‌ವರೆಗೆ ಹೋಗಿದ್ದರೆ ಆ ಕಾರಿನಲ್ಲಿ ತಗ್ಗಿಸಲು ಜಾಗವೇ ಇಲ್ಲ. ತಗ್ಗಿಸಲೇಬೇಕೆಂದಿದ್ದರೆ ಕೆಳಗಿನ ಬ್ರ್ಯಾಕೆಟ್ ತಿರುಗಿಸಿ ಶಾಕ್‌ನ ಉದ್ದವನ್ನೇ ಬದಲಿಸುವ ಸೆಟ್ ಆರಿಸಬೇಕು. ಅದರಲ್ಲಿ ಶಾಕ್‌ನ ಆಟ ಕಡಿಮೆಯಾಗುವುದಿಲ್ಲ. ಸ್ಪ್ರಿಂಗ್ ಕಟ್ ಮಾಡಿಸುವುದಂತೂ ಅಪಾಯ. ತುಂಡಾದ ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ.

ಅಮೆರಿಕದ ಆಟೊಕ್ರಾಸ್ ನಿಯಮಾವಳಿಯಿಂದ ಇಲ್ಲಿನವರು ಕಲಿಯಬಹುದಾದದ್ದು ಒಂದಿದೆ. ಅಲ್ಲಿನ ಸ್ಟ್ರೀಟ್ ವಿಭಾಗದಲ್ಲಿ ಕಂಪನಿಯ ಸ್ಪ್ರಿಂಗ್ ಹಾಗೇ ಇರಬೇಕು. ಟೈರ್, ಶಾಕ್ಸ್, ಒಂದು ಆ್ಯಂಟಿರೋಲ್ ಬಾರ್ ಬದಲಿಸಬಹುದು. ಸ್ಪ್ರಿಂಗ್ ಮುಟ್ಟಿದರೆ ಕಾರು ಮೇಲಿನ ವಿಭಾಗಕ್ಕೆ ಹೋಗಿ, ಹೆಚ್ಚು ಮಾರ್ಪಾಡಾದ ಕಾರುಗಳೊಡನೆ ಓಡಬೇಕು. ಕಂಪನಿ ಸ್ಪ್ರಿಂಗ್‌ನಲ್ಲೇ ರಾಷ್ಟ್ರಮಟ್ಟದಲ್ಲಿ ಓಡುವವರು ಅಷ್ಟೊಂದು ಜನ ಇರುವಾಗ, ಹೊಸಬರು ಮೊದಲು ಒಳ್ಳೆಯ ಟೈರ್, ಹೊಸ ಬುಷ್‌ಗಳು, ಸರಿಯಾದ ವೀಲ್ ಅಲೈನ್‌ಮೆಂಟ್‌ಗೆ ಖರ್ಚು ಮಾಡಲಿ. ಆಮೇಲೆ ಶಾಕ್ಸ್. ಕಾಯಿಲ್‌ಓವರ್ ಅದಕ್ಕೂ ಆಮೇಲೆ. ಹಾಕಿಸಿದವರು ಮಳೆಗಾಲದಲ್ಲಿ ಥ್ರೆಡ್‌ಗೆ ಮೆತ್ತುವ ಕೆಸರನ್ನು ಆಗಾಗ ತೊಳೆಯಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಕೂರುವ ಕಾಲರ್ ಅಲ್ಲೇ ಕಚ್ಚಿಕೊಂಡು ಎತ್ತರ ಬದಲಿಸುವುದೇ ಆಗುವುದಿಲ್ಲ.

ಕಾನೂನಿನ ಕಡೆಯೂ ಸ್ಪಷ್ಟತೆ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಜರ್ಮನಿಯಲ್ಲಿ ಕಾಯಿಲ್‌ಓವರ್ ಜೊತೆ ಪರೀಕ್ಷಾ ಪ್ರಮಾಣಪತ್ರ ಬರುತ್ತದೆ. ಎಷ್ಟು ಮಿ.ಮೀ. ತಗ್ಗಿಸಬಹುದು ಎಂಬ ಮಿತಿ ಅದರಲ್ಲೇ ಇರುತ್ತದೆ. ಜೋಡಿಸಿದ ಮೇಲೆ ತಜ್ಞರು ಪರೀಕ್ಷಿಸಿ ಒಪ್ಪಿದರೆ ಬದಲಾವಣೆ ಕಾರಿನ ದಾಖಲೆಗೆ ಸೇರುತ್ತದೆ. ವಾಹನ ಪರೀಕ್ಷೆಗೆ ಪುಣೆಯ ಎಆರ್‌ಎಐಯಂಥ ಸಂಸ್ಥೆ ನಮ್ಮಲ್ಲೂ ಇದೆ. ಶಾಕ್ಸ್, ಸ್ಪ್ರಿಂಗ್ ಸೆಟ್‌ಗಳನ್ನು ಅಲ್ಲಿ ಪರೀಕ್ಷಿಸಿ, ಎತ್ತರದ ಮಿತಿ ಗೊತ್ತುಮಾಡಿ, ಆರ್‌ಟಿಒ ಕಚೇರಿಯಲ್ಲಿ ನಮೂದಿಸುವ ವ್ಯವಸ್ಥೆಯನ್ನು ಕೇಂದ್ರ ಸಾರಿಗೆ ಸಚಿವಾಲಯ ತರಬೇಕು. ಆಗ ಸ್ಪ್ರಿಂಗ್ ಕತ್ತರಿಸಿದ ಕಾರಿಗೂ, ಪರೀಕ್ಷೆಗೊಳಗಾದ ಶಾಕ್ಸ್ ಹಾಕಿದ ಕಾರಿಗೂ ಇರುವ ವ್ಯತ್ಯಾಸ ರಸ್ತೆಯಲ್ಲಿ ತಪಾಸಣೆಗೆ ನಿಂತ ಪೊಲೀಸರಿಗೂ ಗೊತ್ತಾಗುತ್ತದೆ.