ಹೆಸರು ಕೇಳಿ ಬಾಗಿಲು ತೆರೆಯುವುದೇ?

ಮನೆ ಮಾರಾಟಕ್ಕಿದೆ ಎಂದು ದಲ್ಲಾಳಿಗೆ ತಿಳಿಸಿದ ಮರುದಿನದಿಂದಲೇ ಫೋನ್ ಕರೆಗಳು ಆರಂಭವಾಗುತ್ತವೆ. 'ಒಂದು ಪಾರ್ಟಿ ಇದೆ, ಮನೆ ತೋರಿಸಲು ಕರೆತರಲೇ?' ಎಂದು ಅತ್ತಲಿಂದ ಕೇಳಿದಾಗ ಇತ್ತಲಿಂದ ಹೊರಡುವ ಮೊದಲ ಪ್ರಶ್ನೆ ಯಾವುದು? ಹಣದ ಏರ್ಪಾಡು ಇದೆಯೇ ಎಂದೇ? ಎಷ್ಟು ದಿನಗಳಲ್ಲಿ ನೋಂದಣಿ ಮಾಡಿಸಿಕೊಳ್ಳುತ್ತಾರೆ ಎಂದೇ? ಅಲ್ಲ. 'ಯಾರವರು?' ಎಂಬುದೇ ಮೊದಲ ಪ್ರಶ್ನೆ. ಇದಕ್ಕೆ ಉತ್ತರವಾಗಿ ಬರುವುದು ವ್ಯಕ್ತಿಯ ಊರು, ಉದ್ಯೋಗಗಳ ವಿವರವಲ್ಲ, ಜಾತಿ, ಧರ್ಮ. ಬರಬಹುದೋ ಬೇಡವೋ ಎಂಬುದು ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ.

ಈ ಪ್ರಶ್ನೆಯ ಇನ್ನೊಂದು ತುದಿಯಲ್ಲಿ ನಿಂತ ಅನುಭವ ಮುಸ್ಲಿಮ್ ಕುಟುಂಬಗಳಿಗೆ ಹೊಸದಲ್ಲ. 'ನಿನ್ನೆಯೇ ಮುಂಗಡ ತೆಗೆದುಕೊಂಡೆವು', 'ಮನೆಯವರು ಊರಲ್ಲಿಲ್ಲ', 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಮೂರು ಉತ್ತರಗಳಲ್ಲಿ ಒಂದನ್ನಾದರೂ ಕೇಳದವರು ಕಡಿಮೆ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಹಾಗೂ ಸುತ್ತಲಿನ ನಗರಗಳ ಬಾಡಿಗೆ ಮನೆಗಳ ಕುರಿತು ನಡೆಸಿದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಹೆಸರಿನಿಂದಲೇ ದಲಿತರೆಂದೋ ಮುಸ್ಲಿಮರೆಂದೋ ಗುರುತಾಗುವವರು ಮನೆ ಕೇಳಿದಾಗ ನಿರಾಕರಣೆ ಹೆಚ್ಚು, ಅದರಲ್ಲೂ ಮುಸ್ಲಿಮರಿಗೆ ಇನ್ನೂ ಹೆಚ್ಚು ಎಂಬುದನ್ನು ಅದು ಅಂಕಿ ಅಂಶಗಳ ಮೂಲಕ ತೋರಿಸಿತು. ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವ ಅವಕಾಶವೂ ಅವರಿಗೆ ಸಿಗಲಿಲ್ಲ.

ಕಾನೂನಿನ ಆಸರೆ ಇದೆಯೇ? ಸಂವಿಧಾನದ 15ನೇ ವಿಧಿಯ ಮೊದಲ ಖಂಡ ಕಟ್ಟಿಹಾಕುವುದು ಸರಕಾರವನ್ನು. ಎರಡನೆಯ ಖಂಡ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ. ಖಾಸಗಿ ಮನೆಯನ್ನು ಹೆಸರಿಸುವುದಿಲ್ಲ. ಅಹ್ಮದಾಬಾದಿನ ಒಂದು ಪಾರ್ಸಿ ಗೃಹ ಸಹಕಾರ ಸಂಘವು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಸೀಮಿತಗೊಳಿಸಿದ್ದನ್ನು ಸುಪ್ರೀಮ್ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಅಮೆರಿಕದ ಕಥೆ ಬೇರೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದೇ ವಾರದಲ್ಲಿ, 1968ರ ಎಪ್ರಿಲ್‌ನಲ್ಲಿ, ಅಲ್ಲಿ ವಸತಿ ತಾರತಮ್ಯದ ವಿರುದ್ಧ ಕಾಯಿದೆ ಬಂತು. ಮಾರಲು ನಿರಾಕರಿಸುವುದನ್ನು ಮಾತ್ರ ಅದು ತಡೆಯಲಿಲ್ಲ. ಖಾಲಿಯಿರುವ ಮನೆಯನ್ನು, ಬಂದವನ ವರ್ಣ ಅಥವಾ ಧರ್ಮದ ಕಾರಣಕ್ಕೆ, ನೋಡಲು ಸಿಗುವುದಿಲ್ಲ ಎಂದು ಸುಳ್ಳು ಹೇಳುವುದನ್ನೂ ಕಾನೂನುಬಾಹಿರಗೊಳಿಸಿತು. ದಲ್ಲಾಳಿಯ ನೆರವಿಲ್ಲದೆ ತನ್ನ ಒಂಟಿ ಮನೆಯನ್ನು ತಾನೇ ಮಾರುವವನಿಗೆ ಕೆಲವು ವಿನಾಯಿತಿಗಳನ್ನು ಅದು ಕೊಟ್ಟಿದ್ದುಂಟು. ಆದರೂ ತಾರತಮ್ಯ ಶುರುವಾಗುವುದು ಕ್ರಯಪತ್ರದಲ್ಲಲ್ಲ, ಹೊಸ್ತಿಲಲ್ಲಿ ಎಂಬುದನ್ನು ಆ ಕಾಯಿದೆ ಬರೆದವರು ಅರ್ಥಮಾಡಿಕೊಂಡಿದ್ದರು.

ಇಷ್ಟೆಲ್ಲ ದೂರು ನಮ್ಮಲ್ಲಿದೆ, ಸರಿ. ಆದರೆ ನಾವೇ ಮಾರುವವರಾದಾಗ? ಮೊಹಲ್ಲಾದ ಮನೆಯೊಂದು ಮಾರಾಟಕ್ಕೆ ಬಂದಾಗ 'ನಮ್ಮವರಿಗೇ ಕೊಡಿ' ಎಂಬ ಒತ್ತಡ ಬರುವುದಿಲ್ಲವೇ? ನಮ್ಮ ಜರಡಿಯ ಕಣ್ಣುಗಳು ಇನ್ನೂ ಸಣ್ಣವು. ಬಂದವರು ಮುಸ್ಲಿಮರೇ ಆಗಿದ್ದರೂ ಯಾವ ಮಸೀದಿಗೆ ಹೋಗುತ್ತಾರೆ, ಯಾವ ಸಂಘಟನೆಯವರು ಎಂಬ ವಿಚಾರಣೆ ನಡೆಯುತ್ತದೆ. ಸರಕಾರಿ ನೌಕರಿಯ ದಲಿತ ಕುಟುಂಬವೊಂದು, ಸಾಲ ಮಂಜೂರಾಗಿದೆ, ಒಮ್ಮೆ ನೋಡಿ ಹೋಗುತ್ತೇವೆ ಎಂದರೆ 'ಮನೆಯವರು ಊರಲ್ಲಿಲ್ಲ' ಎಂಬ ಅದೇ ಹಳೆಯ ಉತ್ತರ ನಮ್ಮ ಬಾಯಿಂದಲೂ ಬರುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಬಡಾವಣೆಯಲ್ಲಿ ಮನೆ ಪಡೆಯುವುದಕ್ಕೆ ಅಥವಾ ವಾಸಿಸುವುದಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅಡ್ಡಿಪಡಿಸಿದವನ ಧರ್ಮ ಯಾವುದೆಂದು ಕಾಯಿದೆ ಕೇಳುವುದಿಲ್ಲ.

ಭಯದ ಮಾತನ್ನು ತಳ್ಳಿಹಾಕುವಂತಿಲ್ಲ. ಗಲಭೆ ಕಂಡ ಊರಿನಲ್ಲಿ ಜನ ತಮ್ಮವರ ನಡುವೆ ಮನೆ ಹುಡುಕುವುದು ಮತಾಂಧತೆಯಲ್ಲ, ಜೀವದ ಆಸೆ. ಆದರೆ ಅದರ ಫಲವನ್ನೂ ನೋಡಬೇಕು. ಅಹ್ಮದಾಬಾದಿನ ಜುಹಾಪುರ ಶುರುವಾದದ್ದು 1973ರ ಸಾಬರಮತಿ ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಪುನರ್ವಸತಿಯಿಂದ. ಹಿಂದೂಗಳೂ ಮುಸ್ಲಿಮರೂ ಅಲ್ಲಿ ನೆರೆಹೊರೆಯವರಾಗಿದ್ದರು. ಗಲಭೆಯ ನಂತರ ಗಲಭೆ ಬಂದಂತೆಲ್ಲ ಒಬ್ಬರು ಮಾರಿ ಹೊರಟರು, ಇನ್ನೊಬ್ಬರು ಕೊಂಡು ಒಳಬಂದರು. ಗಲಭೆಯ ಭಯದಲ್ಲಿ ಮನೆಗಳನ್ನು ಅಗ್ಗಕ್ಕೆ ಮಾರಿ ಓಡುವುದನ್ನು ತಡೆಯಲೆಂದು ಗುಜರಾತಿನಲ್ಲಿ 1991ರ ಅಶಾಂತ ಪ್ರದೇಶಗಳ ಕಾಯಿದೆಯಿದೆ. ಅಧಿಸೂಚಿತ ಪ್ರದೇಶದಲ್ಲಿ ಸ್ಥಿರಾಸ್ತಿ ಮಾರಲು ಕಲೆಕ್ಟರರ ಪೂರ್ವಾನುಮತಿ ಬೇಕು. ಅದು ಒಂದು ಧರ್ಮದವನು ಇನ್ನೊಂದು ಧರ್ಮದವನಿಗೆ ಮಾರುವುದಕ್ಕೇ ಅಡ್ಡಗೋಡೆಯಾಯಿತೆಂಬುದು ಅಲ್ಲಿನವರ ದೂರು. ನಮ್ಮ ಪಟ್ಟಣಗಳಲ್ಲಿ ಅಂಥ ಕಾಯಿದೆಯಿಲ್ಲದೆಯೇ, ದಲ್ಲಾಳಿಯ ಒಂದು ಫೋನ್ ಕರೆಯಿಂದ, ಅದೇ ಗೋಡೆ ಏಳುತ್ತಿದೆ. ಲೆಕ್ಕ ಹಾಕಿ ನೋಡಿ: ಊರಿನ ಹತ್ತು ಬಡಾವಣೆಗಳಲ್ಲಿ ಎಂಟು ಮುಚ್ಚಿದ್ದರೆ, ಉಳಿದೆರಡರಲ್ಲಿ ಕೊಳ್ಳುವವರ ನೂಕುನುಗ್ಗಲು. ಚರಂಡಿಯೂ ಸರಿಯಿಲ್ಲದ ಓಣಿಯ ಮನೆಗೆ ನಮ್ಮ ಯುವಕ ಜಾಸ್ತಿ ಬೆಲೆ ತೆರುತ್ತಾನೆ.

ಹಾಗಂತ ಬಂದವರಿಗೆಲ್ಲ ಬಾಗಿಲು ತೆರೆಯಬೇಕೆಂದಲ್ಲ. ಮನೆಯು ಅಂಗಡಿಯಲ್ಲ. ಅನುಮತಿ ಪಡೆಯದೆ, ಸಲಾಮ್ ಹೇಳದೆ ಪರರ ಮನೆಯೊಳಗೆ ಕಾಲಿಡಬಾರದೆಂಬುದು ಸೂರಃ ಅನ್ನೂರ್‌ನ ಶಿಕ್ಷಣ. ಮರಳಿ ಹೋಗಿ ಎಂದರೆ ಮರಳಬೇಕು. ಒಳಗೆ ಮಹಿಳೆಯರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಹಗಲು ಇಂಥ ಹೊತ್ತಿನಲ್ಲಿ ಮಾತ್ರ ಬನ್ನಿ, ಮೊದಲೇ ತಿಳಿಸಿ ಬನ್ನಿ, ಒಳಕೋಣೆಯ ವಿಡಿಯೋ ತೆಗೆಯಬೇಡಿ ಎನ್ನುವ ಅಧಿಕಾರ ಮನೆಯವರಿಗಿದೆ. ಗುರುತು ಹೇಳಲೊಪ್ಪದವನನ್ನು, ಮುದುಕಿಯೊಬ್ಬಳೇ ಇರುವ ಹೊತ್ತು ನೋಡಿ ಬರುವವನನ್ನು ಗೇಟಿನಲ್ಲೇ ತಡೆಯುವುದು ವಿವೇಕ. ಹಾಗೆಯೇ, ಬೇಡಿಕೆ ಬಹಳವಿದೆಯೆಂದು ತೋರಿಸಲು ಪರಿಚಿತರನ್ನು ಗಿರಾಕಿಗಳ ವೇಷದಲ್ಲಿ ಕರೆಸಿ ಮನೆ ತೋರಿಸುವ ಚಾಳಿ ಕೆಲವರಲ್ಲಿದೆ. ಕೊಳ್ಳುವ ಇಚ್ಛೆಯಿಲ್ಲದವನು ಬೆಲೆಯೇರಿಸುವ ಈ ನಾಟಕವನ್ನು ಫಿಕ್‌ಹ್ 'ನಜಶ್' ಎನ್ನುತ್ತದೆ. ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಿದ್ದಾರೆ.

ಹಾಗಾದರೆ ಕೇಳಬೇಕಾದದ್ದೇನು? ಹಣ ಎಲ್ಲಿಂದ, ಎಷ್ಟು ಕಾಲದಲ್ಲಿ, ಯಾವ ರೀತಿಯಲ್ಲಿ ಎಂಬುದನ್ನು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ 2015ರ ಜೂನ್‌ನಿಂದ ನಿಷೇಧವಿದೆ. ಅರ್ಧ ಹಣ 'ಕಪ್ಪಿನಲ್ಲಿ' ಕೊಡುತ್ತೇನೆ ಎನ್ನುವವನು ನಮ್ಮ ಜಮಾಅತಿನವನೇ ಆದರೂ ಮನೆ ತೋರಿಸದಿರುವುದು ಕ್ಷೇಮ. ಇಲ್ಲೊಂದು ಸೂಕ್ಷ್ಮವಿದೆ. 'ಬ್ಯಾಂಕಿನ ಸಾಲ ಮಂಜೂರಾತಿ ಪತ್ರವಿದ್ದರೆ ಮಾತ್ರ ಬನ್ನಿ' ಎಂಬ ಷರತ್ತು ಮೇಲ್ನೋಟಕ್ಕೆ ಎಲ್ಲರಿಗೂ ಸಮಾನ. ಆದರೆ ಬಡ್ಡಿಯ ಸಾಲ ಬೇಡವೆಂದು ವರ್ಷಗಟ್ಟಲೆ ಉಳಿಸಿ, ಹೆಂಡತಿಯ ಒಡವೆ ಮಾರಿ, ಎರಡು ಕಂತುಗಳಲ್ಲಿ ಕೊಡುತ್ತೇನೆ ಎಂದು ಬರುವವನು ಆ ಷರತ್ತಿನಿಂದ ಹೊರಗುಳಿಯುತ್ತಾನೆ. ಪತ್ರವನ್ನಲ್ಲ, ಏರ್ಪಾಡನ್ನು ಕೇಳಬೇಕು. ವಿಧವೆಯೊಬ್ಬಳು ತನ್ನ ಮಹ್ರ್, ತನ್ನ ವಾರೀಸು ಪಾಲಿನ ಹಣದಿಂದ ಮನೆ ಕೊಳ್ಳಲು ಬಂದರೆ 'ಗಂಡಸರನ್ನು ಕಳಿಸಿ' ಎನ್ನುವುದು ಯಾವ ಶರೀಅತ್? ಆಸ್ತಿಯ ಒಡೆತನವನ್ನು ಅವಳಿಗೆ ಕೊಟ್ಟವರು ನಾವಲ್ಲ, ಹಾಗಾಗಿ ಅದನ್ನು ಗೇಟಿನಲ್ಲಿ ಕಸಿಯುವ ಅಧಿಕಾರವೂ ನಮಗಿಲ್ಲ.

ಇನ್ನು ನೆರೆಯವರ ಮಾತು. 'ನೀವೇನೋ ಮಾರಿ ಹೋಗುತ್ತೀರಿ, ಅವರ ಪಕ್ಕದಲ್ಲಿ ಬದುಕಬೇಕಾದವರು ನಾವು' ಎಂಬ ಆಕ್ಷೇಪಕ್ಕೆ ತೂಕವಿದೆ. ಇಸ್ಲಾಮೀ ಫಿಕ್‌ಹ್ ಅದನ್ನು 'ಶುಫ್‌ಅ' ಎಂಬ ಹೆಸರಿನಲ್ಲಿ ಗುರುತಿಸಿದೆ. ಶಾಫಿಈಗಳಲ್ಲಿ ಅದು ಜಂಟಿ ಒಡೆಯನಿಗೆ ಮಾತ್ರ. ಹನಫಿಗಳಲ್ಲಿ ಪಕ್ಕದ ಮನೆಯವನಿಗೂ ಉಂಟು. ಸಹಾಬಿ ಅಬೂ ರಾಫಿಅ್‌ರವರ(ರ) ಪ್ರಸಂಗ ಬುಖಾರಿಯಲ್ಲಿದೆ. ಸಅದ್ ಬಿನ್ ಅಬೀ ವಕ್ಕಾಸ್‌ರವರ(ರ) ವಠಾರದಲ್ಲಿದ್ದ ತಮ್ಮ ಮನೆಗಳನ್ನು ಕೊಳ್ಳುವಂತೆ ಅವರು ಸಅದ್‌ರನ್ನೇ ಕೇಳಿದರು. ಸಅದ್ ಕೊಡಲೊಪ್ಪಿದ್ದು ನಾಲ್ಕು ಸಾವಿರ ದಿರ್ಹಮ್, ಅದೂ ಕಂತುಗಳಲ್ಲಿ. ಬೇರೆಯವರು ಐನೂರು ದೀನಾರ್ ಕೊಡಲು ಸಿದ್ಧರಿದ್ದರು, ಅದು ಹೆಚ್ಚಿನ ಬೆಲೆ. ಆದರೂ ನೆರೆಯವನ ಹಕ್ಕಿನ ಕುರಿತ ಪ್ರವಾದಿವಚನವನ್ನು ನೆನೆದು ಅವರು ಸಅದ್‌ರಿಗೇ ಕೊಟ್ಟರು.

ಮೊಹಲ್ಲಾದ ಹಿರಿಯರು ಈ ಪ್ರಸಂಗವನ್ನು 'ನಮ್ಮವರಿಗೇ ಮಾರಿ' ಎನ್ನಲು ಬಳಸುವುದುಂಟು. ಆದರೆ ಅದರಲ್ಲಿರುವುದು ನೆರೆಯವನು, ಜಾತಿಯವನಲ್ಲ. ಹನಫಿ ಫಿಕ್‌ಹ್‌ನ ಹೆಸರಾಂತ ಗ್ರಂಥ ಹಿದಾಯ ಶುಫ್‌ಅದ ಹಕ್ಕಿನಲ್ಲಿ ಮುಸ್ಲಿಮನನ್ನೂ ಇಸ್ಲಾಮೀ ರಾಜ್ಯದ ಮುಸ್ಲಿಮೇತರ ಪ್ರಜೆಯನ್ನೂ ಸಮಾನವೆಂದು ಹೇಳುತ್ತದೆ. ಹಂಬಲಿಗಳಿಗೆ ಇದು ಒಪ್ಪಿಗೆಯಿಲ್ಲ, ಅದು ಬೇರೆ ಮಾತು. ಅಂದರೆ ಪಕ್ಕದ ಮನೆಯ ಶೆಟ್ಟರಿಗೋ ಗೌಡರಿಗೋ ಇರುವ ಹಕ್ಕು, ಹತ್ತು ಓಣಿಯಾಚೆಯ ನಮ್ಮ ಬಂಧುವಿಗಿಲ್ಲ. ಎರಡನೆಯದಾಗಿ, ಇದು ಅದೇ ಬೆಲೆ ಕೊಟ್ಟು ತಾನೇ ಕೊಳ್ಳುವ ಹಕ್ಕು. ಇನ್ನೊಬ್ಬನನ್ನು ತಡೆಯುವ ಹಕ್ಕಲ್ಲ. ಕೂಡಲೇ ಮುಂದೆ ಬಂದು ಕೇಳದಿದ್ದರೆ ಅದು ಬಿದ್ದುಹೋಗುತ್ತದೆ. ನಮ್ಮ ದೇಶದ ನ್ಯಾಯಾಲಯಗಳಲ್ಲಂತೂ, ಬರೀ ನೆರೆಯವನೆಂಬ ಆಧಾರದ ಮೇಲೆ ಈ ಹಕ್ಕನ್ನು ಕೇಳುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಮ್ ಕೋರ್ಟ್ 1962ರಲ್ಲೇ ಹೇಳಿದೆ. ಉಳಿದಿರುವುದು ನೆರೆಹೊರೆಯ ಮರ್ಯಾದೆ ಮಾತ್ರ.

ಆ ಮರ್ಯಾದೆಯನ್ನು ಉಳಿಸಿಕೊಳ್ಳುವುದು ಕಷ್ಟವೇನಲ್ಲ. ದಲ್ಲಾಳಿಗೆ ಹೇಳುವ ಮೊದಲು ಎಡಬಲದ ಮನೆಯವರಿಗೆ, ಅವರು ಯಾರೇ ಆಗಿರಲಿ, ಬೆಲೆ ತಿಳಿಸಿ. ಯೋಚಿಸಲು ಒಂದು ವಾರ ಕೊಡಿ. ಅವರಿಗೆ ಬೇಡವಾದರೆ ದಲ್ಲಾಳಿಯನ್ನು ಕರೆದು, ಹೊತ್ತು ಇಂಥದ್ದು, ಹಣದ ಏರ್ಪಾಡು ಇಂಥದ್ದಿರಬೇಕು, ಉಳಿದದ್ದನ್ನು ಕೇಳಬೇಡ ಎಂದು ತಿಳಿಸಿಬಿಡಿ. ಅವನಿಗೆ ಮೊದಮೊದಲು ಆಶ್ಚರ್ಯವಾದೀತು.