ಪುಟ್ಟ ದ್ವೀಪಕ್ಕೆ ಎಷ್ಟು ಜನ ಹೋಗಬೇಕು?



ಈ ವರ್ಷದ ಪ್ರವಾಸಕ್ಕೆ ಹೆಸರು ಕೊಡಿ ಅಂತ ಮೇಷ್ಟ್ರು ಹೇಳಿದ ಕೂಡಲೇ ನಮ್ಮ ತರಗತಿಯಲ್ಲಿ ಅರ್ಧ ಜನ "ಮತ್ತೆ ಮಲ್ಪೆಗೇ ಹೋಗೋಣ ಸಾರ್" ಅಂತ ಕೂಗಿದರು. ನಾನೂ ಕೂಗಿದೆ. ಮನೆಗೆ ಹೋದ ಮೇಲೆ ಒಂದು ಯೋಚನೆ ಬಂತು. ಅದನ್ನು ಇಲ್ಲಿ ಬರೆದಿದ್ದೇನೆ.

ಹೋದ ವರ್ಷ ಬಾರದೇ ಇದ್ದವರಿಗಾಗಿ ಸ್ವಲ್ಪ ಹೇಳುತ್ತೇನೆ. ಉಡುಪಿ ಹತ್ತಿರ ಮಲ್ಪೆ ಅಂತ ಮೀನುಗಾರರ ಊರಿದೆ. ಅಲ್ಲಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರಿಸ್ ದ್ವೀಪ ಸಿಗುತ್ತದೆ. ಅದಕ್ಕೆ ಮುಂಚೆ ನಾನು ನೋಡಿದ್ದ ದೊಡ್ಡ ನೀರು ಅಂದರೆ ಬೇತಮಂಗಲದ ಕೆರೆ ಒಂದೇ! ದ್ವೀಪದಲ್ಲಿ ಕಲ್ಲುಗಳು ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಕಂಬ ಕಂಬವಾಗಿ ನಿಂತಿವೆ. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ, ಲಾವಾ ಹೊರಗೆ ಬಂದು ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಿತಂತೆ. ಬೇಸಿಗೆಯಲ್ಲಿ ನಮ್ಮೂರ ಕೆರೆ ಒಣಗಿದಾಗ ಮಣ್ಣು ಬಿಲ್ಲೆ ಬಿಲ್ಲೆಯಾಗಿ ಬಿರಿಯುತ್ತಲ್ಲಾ, ಹಾಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದರು.

ಆದರೆ ದ್ವೀಪ ಬಹಳ ಪುಟ್ಟದು. ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲ. ಅಲ್ಲಿ ಮನೆ ಮಠ ಇಲ್ಲ. ಸಂಜೆಗೆ ಎಲ್ಲರೂ ದೋಣಿ ಹತ್ತಿ ವಾಪಸ್ ಬರಲೇಬೇಕು.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಅಲ್ಲಿ ನಾನು ಜೇಬಿನಲ್ಲಿದ್ದ ಕಡಲೆಮಿಠಾಯಿ ತಿಂದೆ. ಗಾಳಿಗೆ ಅದರ ಕವರು ಹಾರಿ ಕಲ್ಲುಗಳ ಸಂದಿಗೆ ಹೋಯಿತು. ಎತ್ತೋಣ ಅಂತ ಹೋದೆ. ನನ್ನ ಗೆಳತಿ "ಬಿಡೇ, ಯಾರಾದ್ರೂ ಗುಡಿಸ್ತಾರೆ" ಅಂದಳು. ನಾನೂ ಬಿಟ್ಟೆ. ಆದರೆ ಊರೇ ಇಲ್ಲದ ಕಡೆ ಗುಡಿಸುವವರು ಎಲ್ಲಿಂದ ಬರಬೇಕು? ಮಲ್ಪೆಯಿಂದ ದೋಣಿಯಲ್ಲೇ ಬರಬೇಕು, ಕಸವನ್ನೂ ದೋಣಿಯಲ್ಲೇ ಹೊರಬೇಕು. ಇಲ್ಲದಿದ್ದರೆ ಸಮುದ್ರಕ್ಕೆ ಹೋಗುತ್ತದೆ.

ಇನ್ನೊಂದು, ಚಿಪ್ಪುಗಳು. ನಾನು ಐದು ತಂದೆ. ಎಲ್ಲರೂ ತಂದರು. ಒಂದು ಬಸ್ಸಿನಲ್ಲಿ 50 ಮಕ್ಕಳು, ತಲೆಗೆ ಐದು ಅಂದರೆ 250. ಒಂದು ದಿನ ಹತ್ತು ಬಸ್ಸಿನ ಮಕ್ಕಳು ಹೋದರೆ 2,500. ಒಂದು ಜಾತಿಯ ಏಡಿ ಖಾಲಿ ಚಿಪ್ಪು ಹುಡುಕಿಕೊಂಡು ಅದರೊಳಗೇ ವಾಸ ಮಾಡುತ್ತದೆ ಅಂತ ವಿಜ್ಞಾನ ಮಿಸ್ ಆಮೇಲೆ ಹೇಳಿದರು. ನಾವು ಅದರ ಮನೆಯನ್ನೇ ಕಂಪಾಸ್ ಬಾಕ್ಸಿಗೆ ಹಾಕಿಕೊಂಡು ಬಂದಿದ್ದೇವೆ!

ಅದಕ್ಕೇ ನನ್ನ ಅಭಿಪ್ರಾಯ ಏನೆಂದರೆ, ಪುಟ್ಟ ದ್ವೀಪಕ್ಕೆ ಒಂದು ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇರಬೇಕು. ಲಕ್ಷದ್ವೀಪಕ್ಕೆ ಹೋಗಬೇಕಾದರೆ ಮುಂಚೆಯೇ ಪರ್ಮಿಟ್ ತಗೋಬೇಕು. ಫಿಲಿಪೈನ್ಸ್ ದೇಶದ ಬೊರಾಕೇ ದ್ವೀಪದಲ್ಲಿ ಜನ ಜಾಸ್ತಿಯಾಗಿ, ಕೊಳಚೆ ನೀರು ಸಮುದ್ರ ಸೇರಿ, 2018ರಲ್ಲಿ ಸರ್ಕಾರ ಆರು ತಿಂಗಳು ಬಾಗಿಲು ಹಾಕಿತ್ತು. ಮತ್ತೆ ತೆರೆದಾಗ ಜನರ ಲೆಕ್ಕ ಇಟ್ಟೇ ಬಿಟ್ಟರು.

ಇದನ್ನು ಮನೆಯಲ್ಲಿ ಹೇಳಿದಾಗ ತಾತ ಒಪ್ಪಲಿಲ್ಲ. ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. "ಜನ ಕಮ್ಮಿ ಮಾಡಿದ್ರೆ ದೋಣಿಯವನ ಮನೇಲಿ ಒಲೆ ಹೆಂಗೆ ಹಚ್ತಾರಮ್ಮಾ?" ಅಂದರು. ಮಳೆಗಾಲದಲ್ಲಿ ಹೇಗೂ ಆ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ಗಣಿ 2001ರಲ್ಲಿ ಮುಚ್ಚಿದ ಮೇಲೆ ನಮ್ಮ ಕಡೆಯವರು ಪಟ್ಟ ಪಾಡು ನಮಗೆ ಗೊತ್ತೇ ಇದೆ. ಇವತ್ತಿಗೂ ಎಷ್ಟೋ ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ತಾತನ ಮಾತಿಗೆ ನಾನು ಎರಡು ದಿನ ಉತ್ತರ ಹುಡುಕಿದೆ.

ಉತ್ತರ ಕೆಜಿಎಫ್‌ನಲ್ಲೇ ಇತ್ತು. ಅಲ್ಲಿ ನೂರಿಪ್ಪತ್ತು ವರ್ಷ ಚಿನ್ನ ತೆಗೆದರು, 3 ಕಿಲೋಮೀಟರಿಗಿಂತ ಆಳಕ್ಕೆ ಹೋದರು. ಈಗ ಚಿನ್ನ ಎಲ್ಲೋ ಇದೆ, ಸೈನೈಡ್ ದಿಬ್ಬ ಮಾತ್ರ ಅಲ್ಲೇ ಇದೆ. ಗಾಳಿ ಬೀಸಿದರೆ ಅದರ ಧೂಳು ಮನೆಯೊಳಗೆ ಬರುತ್ತದೆ. ದ್ವೀಪ ಹಾಳಾದರೆ ನೋಡಲು ಯಾರೂ ಬರುವುದಿಲ್ಲ, ಆಗಲೂ ದೋಣಿಯವರಿಗೇ ನಷ್ಟ. ಅದಕ್ಕೆ ಭಾನುವಾರ ಎಲ್ಲರೂ ಒಟ್ಟಿಗೆ ಮುಗಿಬೀಳುವ ಬದಲು ಶಾಲೆಗಳು ಮಂಗಳವಾರ, ಬುಧವಾರ ಹೋಗಲಿ. ಆಗ ದೋಣಿಯವರಿಗೆ ವಾರವೆಲ್ಲಾ ಕೆಲಸ ಇರುತ್ತದೆ. ಟಿಕೆಟ್ಟಿಗೆ ಐದು ರೂಪಾಯಿ ಜಾಸ್ತಿ ತಗೊಂಡು ಮಲ್ಪೆಯವರಿಗೇ ದ್ವೀಪ ಗುಡಿಸುವ ಸಂಬಳ ಕೊಡಲಿ. ತಾತ "ಹ್ಞೂಂ" ಅಂದರು. ಅವರು ಹ್ಞೂಂ ಅಂದರೆ ಅರ್ಧ ಒಪ್ಪಿದ ಹಾಗೆ.

ಇನ್ನೊಂದು ವಿಷಯ. ನಮ್ಮ ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯ ಜ್ವಾಲಾಮುಖಿ ಕಲ್ಲುಗಳೂ ಅಂಥದ್ದೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸೇಂಟ್ ಮೇರಿಸ್‌ಗಿಂತ ಎಷ್ಟೋ ಪಟ್ಟು ಹಳೆಯವು. ನಮ್ಮ ತರಗತಿಯಲ್ಲಿ ಒಬ್ಬರೂ ನೋಡಿಲ್ಲ! ಮೇಷ್ಟ್ರೇ, ದಯವಿಟ್ಟು ಮೊದಲು ಅಲ್ಲಿಗೆ ಒಂದು ದಿನ ಕರಕೊಂಡು ಹೋಗಿ.

ಆಮೇಲೆ ಮಲ್ಪೆಗೆ ಹೋಗುವುದಾದರೆ ವಾರದ ಮಧ್ಯೆ ಹೋಗೋಣ. ಕವರಿನಲ್ಲಿರುವ ತಿಂಡಿ ಬಸ್ಸಲ್ಲೇ ಇರಲಿ. ಕಸಕ್ಕೆ ಒಂದು ಗೋಣಿಚೀಲ ನಾನೇ ಮನೆಯಿಂದ ತರುತ್ತೇನೆ, ಅಮ್ಮನನ್ನು ಕೇಳಿದ್ದೇನೆ. ನನ್ನ ಐದು ಚಿಪ್ಪು ಕಂಪಾಸ್ ಬಾಕ್ಸಿನಲ್ಲೇ ಇವೆ, ಅಲ್ಲೇ ಹಾಕಿ ಬರುತ್ತೇನೆ. ನಿಮ್ಮ ಹತ್ತಿರ ಇದ್ದರೆ ನೀವೂ ತನ್ನಿ.

— ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ