ಪಾಠಯೋಜನೆಯ ಜೊತೆಗೊಂದು ಪೆನ್‌ಡ್ರೈವ್

ಘೋಡಗೇರಿ ಭಾಗದ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಯ ಅವಲೋಕನಕ್ಕೆ ಹೋಗಿದ್ದೆ. ತ್ರಿಭುಜದ ಪರಿವೃತ್ತ ಕೇಂದ್ರವನ್ನು ಜಿಯೋಜೀಬ್ರಾದಲ್ಲಿ ಮಕ್ಕಳಿಂದಲೇ ಕಂಡುಹಿಡಿಸುವ ಪಾಠವನ್ನು ಪ್ರಶಿಕ್ಷಣಾರ್ಥಿ ಯೋಜಿಸಿದ್ದರು. ಆದರೆ ಕಂಪ್ಯೂಟರ್ ಶುರುವಾಗಲೇ ಇಲ್ಲ. ಆಪರೇಟಿಂಗ್ ಸಿಸ್ಟಂ ಸಿಗುತ್ತಿಲ್ಲವೆಂಬ ಒಂದು ಸಾಲು ಪರದೆಯ ಮೇಲೆ ನಿಂತಿತು. ಪಾಠ ಕಪ್ಪುಹಲಗೆಯಲ್ಲೇ ಮುಗಿಯಿತು. ಮಕ್ಕಳು ಮೌಸ್ ಮುಟ್ಟದೆ ತರಗತಿಗೆ ಮರಳಿದರು. ಅವಲೋಕನ ಪತ್ರದಲ್ಲಿ ನಾನು ‘ಪೂರ್ವಸಿದ್ಧತೆ ಸಾಲದು’ ಎಂದು ಬರೆದೆ. ಆ ಮಾತು ಈಗ ನನ್ನನ್ನೇ ಚುಚ್ಚುತ್ತಿದೆ. ಇಂಥ ಹೊತ್ತಿಗೆ ಬೇಕಾದ ಸಿದ್ಧತೆಯನ್ನು ನಾವು ಕಲಿಸಿದ್ದೆವೇ?

ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸುವುದನ್ನೂ ಬೋಧನೋಪಕರಣ ತಯಾರಿಕೆಯಲ್ಲಿ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಐಎಸ್‌ಒ ಕಡತವನ್ನು ಸುಮ್ಮನೆ ನಕಲು ಮಾಡಿದರೆ ಸಾಲದು. ಕಂಪ್ಯೂಟರ್ ಅದರಿಂದಲೇ ಶುರುವಾಗುವಂತೆ ರೂಫಸ್ ಅಥವಾ ಎಚರ್‌ನಂಥ ತಂತ್ರಾಂಶ ಅದನ್ನು ಬರೆಯುತ್ತದೆ. ವೆಂಟಾಯ್ ಅನ್ನು ಒಮ್ಮೆ ಹಾಕಿದರೆ ಹಲವು ಐಎಸ್‌ಒಗಳನ್ನು ಒಂದೇ ಡ್ರೈವ್‌ನಲ್ಲಿಟ್ಟು ಬೇಕಾದುದನ್ನು ಆರಿಸಬಹುದು. ಮೂರೂ ಉಚಿತ.

ಶಾಲೆಯ ಯಂತ್ರಕ್ಕೆ ಕೈಹಾಕುವುದು ಪ್ರಶಿಕ್ಷಣಾರ್ಥಿಯ ಕೆಲಸವಲ್ಲ ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ಆದ್ದರಿಂದಲೇ ನಾನು ಕೇಳುತ್ತಿರುವುದು ಇನ್‌ಸ್ಟಾಲ್ ಅಲ್ಲ, ‘ಲೈವ್’ ಬಳಕೆ. ಉಬುಂಟುವಿನಂಥ ವ್ಯವಸ್ಥೆ ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ. ಇನ್‌ಸ್ಟಾಲ್ ಆರಿಸದಿದ್ದರೆ ಹಾರ್ಡ್‌ಡಿಸ್ಕ್‌ನಲ್ಲಿರುವುದು ಹಾಗೆಯೇ ಉಳಿಯುತ್ತದೆ. ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ರೂಪಿಸಿದ ವ್ಯವಸ್ಥೆಯಲ್ಲಿ ಜಿಯೋಜೀಬ್ರಾ ಕೂಡ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮವರಿಗೆ ಅದು ಕಷ್ಟವಾಗಲಾರದು.

ಎಚ್ಚರಿಕೆಗಳನ್ನೂ ಕಲಿಸಬೇಕು. ತಯಾರಿಸುವಾಗ ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ; ಪಾಠಯೋಜನೆಯ ಕಡತಗಳಿದ್ದರೆ ಮೊದಲು ಬೇರೆಡೆ ಉಳಿಸಿಕೊಳ್ಳಬೇಕು. ಪಟ್ಟಿಯಲ್ಲಿ ಸರಿಯಾದ ಡ್ರೈವ್ ಆರಿಸಿದ್ದೇವೆಯೇ ಎಂದು ಎರಡು ಸಲ ನೋಡಬೇಕು. ಬೂಟ್ ಮೆನುವಿನ ಕೀ ಕಂಪನಿಯಿಂದ ಕಂಪನಿಗೆ ಬೇರೆ: ಎಫ್12, ಎಫ್9, ಎಸ್ಕೇಪ್ ಹೀಗೆ. ತೀರ ಹಳೆಯ ಯಂತ್ರದಲ್ಲಿ ಇದು ನಡೆಯದೆಯೂ ಇರಬಹುದು. ಆದಕಾರಣ ಪಾಠದ ದಿನಕ್ಕಿಂತ ಮೊದಲೇ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಅದೇ ಲ್ಯಾಬ್‌ನಲ್ಲಿ ಪರೀಕ್ಷಿಸಬೇಕು.

ಚಾರ್ಟ್ ಹರಿದರೆ ಅಂಟಿಸಿಕೊಳ್ಳಲು ನಾವು ಕಲಿಸುತ್ತೇವೆ. ಯಂತ್ರ ನಿಂತಾಗ ಏನು ಮಾಡಬೇಕೆಂದೂ ಕಲಿಸೋಣ. ‘ಪೂರ್ವಸಿದ್ಧತೆ ಸಾಲದು’ ಎಂದು ಬರೆಯುವ ಹಕ್ಕು ಆಮೇಲೆ ನಮಗಿರಲಿ.